ಎರೆಮಣ್ಣಿಗೆ ತಕ್ಕ ಚಕ್ರ

ಮಳೆ ಹಿಡಿಯುವುದರೊಳಗೆ ಸೈಕಲ್ಲಿನ ಚಕ್ರ ಬದಲಾಗಬೇಕಿತ್ತು. ಇಲ್ಲದಿದ್ದರೆ ಮನೆಯ ಟಪಾಲು ಕೆಲಸ ಕೈಬಿಟ್ಟು ಹೋಗುವುದಿತ್ತು. ಈ ಮಾತು ಶಿವಕಾಂತಾಳಿಗೂ ಗೊತ್ತು, ಹೊರಸಿನ ಮೇಲೆ ಕಾಲು ಚಾಚಿ ಬಿದ್ದಿದ್ದ ಗಂಡ ದೊಡ್ಡಪ್ಪನಿಗೂ ಗೊತ್ತು. ಯಾವ ಚಕ್ರ ಎಂಬಲ್ಲಿ ಮಾತ್ರ ಇಬ್ಬರ ಮಾತು ಕೂಡುತ್ತಿರಲಿಲ್ಲ.

ಹಿರೇಬನ್ನಿಹಾಳದ ಟಪಾಲು ಚೀಲವನ್ನು ನೆಲೋಗಿಗೆ ಒಯ್ದು ಜೇವರ್ಗಿಯ ಬಸ್ಸಿಗೆ ಏರಿಸುವುದು ದೊಡ್ಡಪ್ಪನ ಕೆಲಸ. ಮೀಸೆ ಮೂಡುವ ವಯಸ್ಸಿನಿಂದ ಅದನ್ನೇ ಮಾಡಿಕೊಂಡು ಬಂದವನು. ಈ ಸಲದ ಸುಗ್ಗಿಯಲ್ಲಿ ಕಬ್ಬು ತುಂಬಿದ ಟ್ರೇಲರೊಂದು ತಿರುವಿನಲ್ಲಿ ವಾಲಿ ಅವನ ಸೈಕಲ್ಲನ್ನು ಹಪ್ಪಳ ಮಾಡಿತು, ಬಲಗಾಲಿನ ಮೊಣಕಾಲನ್ನೂ ಬಿಡಲಿಲ್ಲ. ಗುಲಬರ್ಗಾದ ಡಾಕ್ಟರು ಪ್ಲಾಸ್ಟರು ಹಾಕಿ, ಗಂಟು ಮತ್ತೆ ಮಡಚುತ್ತದೋ ಇಲ್ಲವೋ ಹೇಳಲಾರೆ ಎಂದರು. ತನ್ನ ಜವಾಬ್ದಾರಿಯ ಮೇಲೆ ಬದಲಿಗೆ ಒಬ್ಬರನ್ನು ಕಳಿಸಬಹುದು ಎಂಬ ಸೌಲತ್ತು ಇತ್ತು. ದೊಡ್ಡಪ್ಪ ಹೆಂಡತಿಯನ್ನು ಕಳಿಸಿದ. ಹೊರಗಿನವನನ್ನು ಕಳಿಸಿದರೆ ಕೆಲಸ ಅವನದೇ ಆಗಿಬಿಡುತ್ತದೆ ಎಂಬ ಅಂಜಿಕೆ ಅವನಿಗೆ.

ಶಿವಕಾಂತಾ ಅಫಜಲಪುರ ತಾಲೂಕಿನ ಕರಜಗಿಯ ಮಗಳು. ಸಣ್ಣಾಕೆಯಿದ್ದಾಗ ಅಣ್ಣ ಗುರಣ್ಣನ ಸೈಕಲ್ಲಿನ ದಾಂಡಿಯ ಕೆಳಗೆ ಕಾಲು ತೂರಿಸಿ, ಮಂಡಿ ಕೆತ್ತಿಸಿಕೊಂಡು ಕಲಿತಿದ್ದಳು. ಆ ಗುರಣ್ಣ ಈಗ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ತಂಗಿಯ ಗಂಡನ ಸೈಕಲ್ಲು ಹೋದ ಸುದ್ದಿ ಕೇಳಿ, ಆಗಷ್ಟೇ ಪೇಟೆಗೆ ಬಂದಿದ್ದ ಗುಡ್ಡದ ಸೈಕಲ್ಲೊಂದನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ. ಅದಕ್ಕೆ ಮಡಗಾರ್ಡು ಇರಲಿಲ್ಲ, ಚೈನಿನ ಮುಚ್ಚಳ ಇರಲಿಲ್ಲ. ಟೈರು ಮಾತ್ರ ತೋಳಿನಷ್ಟು ದಪ್ಪ, ಮೈತುಂಬ ರಬ್ಬರಿನ ಗಂಟುಗಂಟು ಗುಬಟು.

ಕಟ್ಟೆಯ ಮೇಲೆ ಕೂತವರಿಗೆ ಹಬ್ಬವಾಯಿತು. "ಸೈಕಲ್ಲೋ ಎಮ್ಮೀಕರಾನೋ?" ಎಂದರು. "ಟಪಾಲಬಾಯಿ, ಹಾಲು ಎಷ್ಟು ಕೊಡ್ತದ ಬೇ ಇದು?" ಎಂದರು.

"ನೀವು ಹಿಂಡಾಕ ಬರ್ರಿ, ಒದಿತದೋ ಇಲ್ಲೋ ತಿಳೀತದ," ಎಂದು ಶಿವಕಾಂತಾ ಪೆಡಲು ತುಳಿದಳು. ಸೀರೆ ಚೈನಿಗೆ ಸಿಗಬಾರದೆಂದು ಅತ್ತೆ ಸುಭದ್ರಾಬಾಯಿ ಅವಳಿಗೆ ತನ್ನ ಹಾಗೆ ಕಚ್ಚೆ ಹಾಕುವುದನ್ನು ಕಲಿಸಿದ್ದಳು.

ಮೊದಲ ಸಲ ಬಸ್ಸು ತಪ್ಪಿದ್ದು ಈ ಸೈಕಲ್ಲು ಬರುವ ಮುಂಚೆ, ಕಡ ತಂದ ಸೈಕಲ್ಲಿಗೆ ಜಾಲಿಮುಳ್ಳು ಚುಚ್ಚಿ. ಎರಡನೆಯ ಸಲ ತಪ್ಪಿದ್ದು ಇದರಿಂದಲೇ. ಬೇಸಿಗೆಯ ಕೊನೆಗೆ ಒಂದು ಅಡ್ಡಮಳೆ ಬಂತು. ಊರಿನಿಂದ ಡಾಂಬರು ರಸ್ತೆಯತನಕ ಎರೆಹೊಲಗಳ ನಡುವಿನ ಬಂಡಿದಾರಿ. ಒದ್ದೆಯಾದ ಕಪ್ಪು ಎರೆಮಣ್ಣು ಟೈರಿನ ಗುಬಟುಗಳಿಗೆ ಹತ್ತಿತು, ಹತ್ತಿದ ಮಣ್ಣಿಗೆ ಮತ್ತೆ ಮಣ್ಣು ಹತ್ತಿತು. ಚಕ್ರವನ್ನು ಎರಡೂ ಕಡೆ ಹಿಡಿದಿರುವ ಚಿಮಟದಂಥ ಕಬ್ಬಿಣದೊಳಗೆ ಹೆಪ್ಪುಗಟ್ಟಿ ಚಕ್ರ ತಿರುಗುವುದನ್ನೇ ನಿಲ್ಲಿಸಿಬಿಟ್ಟಿತು. ದಬ್ಬಿದರೆ ಜಗ್ಗಲಿಲ್ಲ. ಶಿವಕಾಂತಾ ಬೆನ್ನಿಗೆ ಚೀಲ, ಹೆಗಲಿಗೆ ಸೈಕಲ್ಲು ಹೊತ್ತು ಡಾಂಬರು ರಸ್ತೆ ಮುಟ್ಟುವಾಗ ಬಸ್ಸು ಜೇವರ್ಗಿ ಸೇರಿತ್ತು.

ಪೋಸ್ಟ್ ಮಾಸ್ತರ ಪಾಂಡುರಂಗರಾವ್ ಕೆಟ್ಟ ಮನುಷ್ಯನಲ್ಲ. ಮನೆಗೇ ಬಂದು ಹೊರಸಿನ ಪಕ್ಕ ಕೂತು ಹೇಳಿದರು: "ದೊಡ್ಡಪ್ಪ, ಎರಡು ಸಲ ನಾ ನುಂಗಿಕೊಂಡೆ. ಇನ್ನೊಮ್ಮೆ ಚೀಲ ತಪ್ಪಿದರ ಮ್ಯಾಲಿನವರಿಗೆ ನಾನೇ ಬರೀಬೇಕಾಗ್ತದ. ಅವರು ಬ್ಯಾರೆಯವರನ್ನ ಹಾಕ್ತಾರ. ಆಮ್ಯಾಲ ನಿನ್ನ ಕಾಲು ನೆಟ್ಟಗಾದರೂ ಕೆಲಸ ನೆಟ್ಟಗಾಗಂಗಿಲ್ಲ ನೋಡಪಾ."

ಅವರು ಹೋದ ಮೇಲೆ ದೊಡ್ಡಪ್ಪ ಬಹಳ ಹೊತ್ತು ಪ್ಲಾಸ್ಟರನ್ನೇ ಉಗುರಿನಿಂದ ಕೆರೆಯುತ್ತ ಕೂತ. ಕಡೆಗೆ, "ಜೇವರ್ಗಿಗೆ ಹೋಗು. ಕರೀಮಸಾಬನ ಅಂಗಡ್ಯಾಗ ಇದಕ್ಕಿಂತ ದಪ್ಪಂದು ಟೈರ್ ಬಂದಾವಂತ. ಅವನ್ನ ಹಾಕಿಸಿಕೊಂಡು ಬಾ," ಎಂದ.

"ದಪ್ಪ ಆಗಿದ್ದಕ್ಕಽ ಸಿಕ್ಕೊಂತ್ರಿ ಅದು," ಎಂದಳು ಶಿವಕಾಂತಾ.

"ಮುಳ್ಳು? ಮುಳ್ಳಿಗೇನ ಮಾಡ್ತಿ? ದಪ್ಪ ಇದ್ದಷ್ಟೂ ಮುಳ್ಳು ಟ್ಯೂಬಿಗೆ ದೂರ. ಈ ದಾರಿ ನನಗ ಗೊತ್ತದ."

"ದಾರಿ ನಿಮಗ ಗೊತ್ತದ್ರಿ. ಈ ಸೈಕಲ್ಲು ನನಗ ಗೊತ್ತದ. ಮಣ್ಣು ಹತ್ತೂದು ಯಾವ ಚಕ್ರಕ್ಕೂ ತಪ್ಪಂಗಿಲ್ಲ. ಹತ್ತಿದ್ದು ಉದುರಾಕ ಬಾಜೂಕ ಜಾಗ ಬೇಕು. ಇದಕ್ಕ ಬಟ್ಟು ಹಿಡಿಸೂವಷ್ಟೂ ಜಾಗಿಲ್ಲ."

"ಅಂದರ ನನ್ನ ಮಾತು ನಡ್ಯಾಂಗಿಲ್ಲ."

"ಹಂಗಲ್ರಿ."

"ಹಂಗೇ ಅದ. ಟಪಾಲದಾಂವ ನಾನು. ಹೇಳಿದ್ದು ತಗೊಂಡು ಬಾ."

ಅವಳು ಒಲೆಯ ಕಡೆ ಹೋದಳು. ಹೂಂ ಎಂದು ಮಾತ್ರ ಅನ್ನಲಿಲ್ಲ.

ಮರುದಿನ ಭಾನುವಾರ. ಶಿವಕಾಂತಾ ಬಂಡಿದಾರಿಯ ಜಾಲಿಯ ಕಂಟಿಯಿಂದ ಒಳ್ಳೆ ಬಲಿತ ಮುಳ್ಳುಗಳನ್ನು ಮುರಿದು ಸೆರಗಿನ ಚುಂಗಿನಲ್ಲಿ ಕಟ್ಟಿಕೊಂಡಳು. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಜೇವರ್ಗಿಗೆ ಹೋದಳು.

ಕರೀಮಸಾಬನ ಅಂಗಡಿಯಲ್ಲಿ ಟೈರುಗಳು ಮಾಡಿನಿಂದ ಹಾವಿನಂತೆ ಜೋತುಬಿದ್ದಿದ್ದವು. ಕರೀಮಸಾಬ ಮಾತಿನ ಮನುಷ್ಯ. "ಬರ್ರಿ ಅಕ್ಕಾರ, ದೊಡ್ಡಪ್ಪ ಚಲೋ ಅದಾನ? ನಿಮ್ಮ ಸೈಕಲ್ಲಿನ ಬಿಮಾರಿ ನನಗ ಗೊತ್ತದ. ದವಾನೂ ಅದ," ಎಂದು ಹೊಳೆಯುವ ದಪ್ಪ ಟೈರೊಂದನ್ನು ಇಳಿಸಿದ. "ಇದು ಮಿಲಿಟ್ರಿ ಮಾಲು ಇದ್ದಂಗ. ಗುಡ್ಡಾನೂ ಹತ್ತತದ."

"ನಮ್ಮ ಕಡೆ ಗುಡ್ಡ ಎಲ್ಲಿದಾವ್ರಿ ಭಾಯಿ?"

"ಇಲ್ಲದಿದ್ದರೇನಾತು, ಹತ್ತೂ ತಾಕತ್ತಂತೂ ಇರ್ತದಲ್ಲ."

ಶಿವಕಾಂತಾ ಆ ಟೈರನ್ನು ತನ್ನ ಸೈಕಲ್ಲಿನ ಚಿಮಟದೊಳಗೆ ಇಟ್ಟು ಪಕ್ಕದಲ್ಲಿ ಬೆರಳು ತೂರಿಸಿ ನೋಡಿದಳು. ಕಿರುಬೆರಳೂ ಹೋಗಲಿಲ್ಲ. "ಇದು ಬ್ಯಾಡ್ರಿ."

ಕರೀಮಸಾಬ ತೆಳ್ಳನೆಯ ಇನ್ನೊಂದನ್ನು ತೋರಿಸಿದ. ಕಾಲೇಜು ಹುಡುಗರು ಇದನ್ನೇ ಹಾಕಿಸುತ್ತಾರೆ, ಡಾಂಬರಿನ ಮೇಲೆ ಗಾಳಿಯಂತೆ ಹೋಗುತ್ತದೆ ಎಂದ. ಅವಳು ಸೆರಗಿನ ಗಂಟು ಬಿಚ್ಚಿದಳು. ಒಂದು ಮುಳ್ಳನ್ನು ಟೈರಿನ ನಡುಮಧ್ಯ ಇಟ್ಟು, ಅಲ್ಲೇ ಬಿದ್ದಿದ್ದ ನಟ್ಟು ಬಿಗಿಯುವ ಪಾನಾದ ಹಿಂಬದಿಯಿಂದ ಒತ್ತಿದಳು. ಮೊನೆ ಒಳಗಿನ ಕಡೆ ಹಣಿಕಿ ಹಾಕಿತು.

"ಅರೆರೆ, ಮಾಲಿಗೇ ಮುಳ್ಳು ಚುಚ್ಚತೀರಲ್ಲ! ನಾಳೆ ಇದನ್ನ ಯಾರು ತಗೋತಾರ?"

"ಮುಳ್ಳಿಲ್ಲದ ಊರಿನವರು ತಗೋತಾರ್ರಿ. ಹಾಲಿನವರು ಹಾಕಸ್ತಾರಲ್ಲ, ಭಾರ ಹೊರೂ ಸೈಕಲ್ಲಿಂದು, ಅದನ್ನ ತೋರಸ್ರಿ."

ಕರೀಮಸಾಬನಿಗೆ ನಗು ಬಂತು. ಆ ಟೈರಿಗೆ ಗುಬಟು ಇರಲಿಲ್ಲ, ಉದ್ದುದ್ದ ಗೆರೆ ಮಾತ್ರ. ಅಗಲ ಕಡಿಮೆ, ಮೈ ಮಾತ್ರ ಎತ್ತಿನ ಚರ್ಮದ ಹಾಗೆ ಬಿರುಸು. ಉಕ್ಕಿನ ರಿಮ್ಮು, ಹೆಂಗಸರ ಸೈಕಲ್ಲಿನ ಅಳತೆಯದು, ಕಡ್ಡಿಗಳು ದಪ್ಪ. ಶಿವಕಾಂತಾ ಮುಳ್ಳು ಒತ್ತಿದಳು. ಮುಳ್ಳು ಅರ್ಧಕ್ಕೆ ಹೋಗಿ ಮುರಿಯಿತು. ಇನ್ನೊಂದು ಒತ್ತಿದಳು, ಅದೂ ಮುರಿಯಿತು. ಚಿಮಟದೊಳಗಿಟ್ಟು ನೋಡಿದರೆ ಎರಡೂ ಬದಿಗೆ ಹೆಬ್ಬೆರಳು ಸಲೀಸಾಗಿ ಆಡಿತು.

"ಇದು ಹಾಕ್ರಿ."

"ಹಾಕಬಹುದು," ಎಂದು ಕರೀಮಸಾಬ ಗಡ್ಡ ಕೆರೆದ. "ಆದರ ಬ್ರೇಕು? ಈ ರಿಮ್ಮು ನಿಮ್ಮ ರಿಮ್ಮಿಗಿಂತ ತುಸು ದೊಡ್ಡದು ಅಕ್ಕಾರ. ಬ್ರೇಕಿನ ರಬ್ಬರು ಕೆಳಗ ಕೂಡ್ತದ, ರಿಮ್ಮು ಮ್ಯಾಲ ತಿರಗ್ತದ. ಒಬ್ಬರ ಮನಿಗೆ ಬಂದ ಬೀಗರು ಇನ್ನೊಬ್ಬರ ಮನಿ ಬಾಗಲಾ ಬಡಿದಂಗ ಆಗ್ತದ."

"ರಬ್ಬರು ಮ್ಯಾಲ ಸರಿಸಾಕ ಬರಂಗಿಲ್ಲೇನು?"

ಬರುತ್ತಿತ್ತು, ಆದರೆ ಕಷ್ಟವಿತ್ತು. ಕರೀಮಸಾಬ ಮಧ್ಯಾಹ್ನದ ನಮಾಜಿಗೆ ಹೋಗಿಬಂದು ಮತ್ತೆ ಕೂತ. ಬ್ರೇಕಿನ ರಬ್ಬರು ಕೂರುವ ಸೀಳನ್ನು ಅರದಿಂದ ಉಜ್ಜಿ ಮೇಲಕ್ಕೆ ಎಳೆದ. ಹಳೆಯ ದಪ್ಪ ಚಕ್ರಗಳನ್ನು ಹೊಸವಕ್ಕೆ ಬದಲಾಗಿ ತಾನೇ ಇಟ್ಟುಕೊಳ್ಳುವೆನೆಂದ. "ಆಮ್ಯಾಲ ವಾಪಸ್ ಕೇಳಬ್ಯಾಡ್ರಿ, ಇವತ್ತಽ ಒಬ್ಬ ಗಿರಾಕಿ ಬರಾಂವ ಅದಾನ," ಎಂದು ಮೊದಲೇ ಹೇಳಿದ. ಶಿವಕಾಂತಾ ಹಳೆಯ ಚಕ್ರಗಳನ್ನೊಮ್ಮೆ ನೋಡಿದಳು. ಗಂಡ ಬೇಡವೆಂದ ಚಕ್ರ ಇದು. ತಪ್ಪಿದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

"ಹಾಕ್ರಿ," ಎಂದಳು.

ಅಂಗಡಿಯ ಮುಂದೆ ಧೂಳಿನಲ್ಲಿ ಒಂದು ಸುತ್ತು ಹೊಡೆದು ಬ್ರೇಕು ಒತ್ತಿದಳು. ಚಕ್ರ ಕಚ್ಚಿ ನಿಂತು ಧೂಳೆದ್ದಿತು. ಕರೀಮಸಾಬ ಕೈ ಒರೆಸಿಕೊಂಡ. ಮುಳ್ಳು ನೋಡಿಯಾಗಿತ್ತು, ಮಣ್ಣಿನ ಜಾಗ ನೋಡಿಯಾಗಿತ್ತು, ಬ್ರೇಕೂ ನೋಡಿಯಾಗಿತ್ತು. ನೋಡಿದ್ದೆಲ್ಲ ಒಣಹವೆಯಲ್ಲಿ. ವರ್ಷದ ಮುಕ್ಕಾಲು ಭಾಗ ಧೂಳು ತಿನ್ನುವ ಆ ಸೀಮೆಯ ಇಬ್ಬರಿಗೂ ಒಂದು ಚೊಂಬು ನೀರು ಸುರಿದು ನೋಡುವ ನೆನಪಾಗಲಿಲ್ಲ.

ಮನೆಗೆ ಬಂದಾಗ ದೊಡ್ಡಪ್ಪ ಸೈಕಲ್ಲನ್ನು ಒಮ್ಮೆ ನೋಡಿದ. ಮುಖ ಗೋಡೆಗೆ ತಿರುಗಿಸಿದ. ಅಂದಿನಿಂದ ಹೆಂಡತಿಯ ಕೂಡ ಮಾತು ಬಂದ್. ನೀರು ಬೇಕಾದರೆ "ಯವ್ವಾ, ನೀರು" ಎಂದು ತಾಯಿಯನ್ನು ಕೂಗುವನು. ಶಿವಕಾಂತಾ ರೊಟ್ಟಿ ತಂದಿಟ್ಟರೆ ತಟ್ಟೆಗೆ ಹೇಳಿದಂತೆ "ಸಾಕು" ಎನ್ನುವನು.

"ಏ ದೊಡ್ಡ್ಯಾ, ಕಾಲು ಮುರದದೋ ನಾಲಗಿ ಮುರದದೋ?" ಎಂದು ಸುಭದ್ರಾಬಾಯಿ ಬೈದಳು.

ಒಣದಿನಗಳಲ್ಲಿ ಹೊಸ ಚಕ್ರಗಳು ಚೆನ್ನಾಗಿಯೇ ನಡೆದವು. ಆದರೆ ಶಿವಕಾಂತಾ ಹಿಗ್ಗಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಅವಳ ಕಣ್ಣು ಪಡುವಣದ ಮೋಡಕ್ಕೆ ಹೋಗುತ್ತಿತ್ತು. ಮಳೆ ಬಂದ ದಿನವೇ ಲೆಕ್ಕ ಹರಿಯುವ ದಿನ.

ಮುಂಗಾರಿನ ಮೊದಲ ಮಳೆ, ಮಿರುಗದ ಮಳೆ, ಒಮ್ಮೆಗೇ ಬಂತು. ಮಧ್ಯಾಹ್ನ ಪಾಂಡುರಂಗರಾವ್ ಚೀಲದ ಬಾಯಿಗೆ ಅರಗು ಒತ್ತುವಾಗ ಹನಿ ಶುರುವಾಯಿತು. ಅವಳು ಸೈಕಲ್ಲು ಹೊರಗೆ ತರುವಷ್ಟರಲ್ಲಿ ಹಂಚಿನ ಮೇಲೆ ಕಲ್ಲು ಸುರಿದಂತೆ ಸುರಿಯಿತು. ಮಾಸ್ತರರು ಬಾಗಿಲಲ್ಲಿ ನಿಂತು ಆಕಾಶ ನೋಡಿದರು, ಅವಳನ್ನು ನೋಡಿದರು. ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಟಪಾಲು ಚೀಲವನ್ನು ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಶಿವಕಾಂತಾ ಹೊರಟಳು. ದಾರಿ ತಮ್ಮ ಮನೆಯ ಮುಂದೆಯೇ. ಕಿಟಕಿಯಲ್ಲಿ ದೊಡ್ಡಪ್ಪನ ಮುಖ ಕಂಡಿತು. ಏನೋ ಹೇಳಲು ಬಾಯಿ ತೆರೆದಂತೆ ಆಯಿತು. ಮಳೆಯ ಸಪ್ಪಳವೋ, ಅವನೇ ತಡೆದನೋ, ಮಾತು ಕೇಳಿಸಲಿಲ್ಲ.

ಬಂಡಿದಾರಿಯಲ್ಲಿ ಎರೆಮಣ್ಣು ಹತ್ತಲಿಕ್ಕೆ ಶುರುವಾಯಿತು. ಚಪ್ಪಲಿ ಕಿತ್ತು ಹ್ಯಾಂಡಲಿಗೆ ಸಿಕ್ಕಿಸಿದಳು. ಚಕ್ರ ಎರಡು ಸುತ್ತು ತಿರುಗುವುದರಲ್ಲಿ ಕಪ್ಪು ರೊಟ್ಟಿಯಂತೆ ಮಣ್ಣು ಏರಿತು. ಅವಳು ಹಲ್ಲು ಕಚ್ಚಿ ತುಳಿದಳು. ಈಗ ನಿಲ್ಲುತ್ತದೆ, ಈಗ ಸಿಕ್ಕಿಕೊಳ್ಳುತ್ತದೆ ಎನ್ನುವಷ್ಟರಲ್ಲಿ ಚಿಮಟದ ಪಕ್ಕದಿಂದ ದೊಡ್ಡ ಹೆಂಟೆಯೊಂದು ತೊಪ್ಪೆಂದು ಕಳಚಿ ಬಿತ್ತು. ಹಿಂದೆಯೇ ಇನ್ನೊಂದು. ಚಕ್ರ ಸುತ್ತಿತು. ಭಾರವಾಗಿ, ನರಳುತ್ತ, ಆದರೆ ಸುತ್ತಿತು. ಎರಡು ಕಡೆ ಇಳಿದು ತೊಗರಿಕಟ್ಟಿಗೆಯಿಂದ ಬ್ರೇಕಿನ ಸಂದಿಯ ಮಣ್ಣು ಕೆದರಿದಳು, ಅಷ್ಟೇ. ಹೆಗಲಿಗೆ ಹೊರುವ ಪಾಳಿ ಬರಲಿಲ್ಲ. ಅವಳ ಎದೆಯೊಳಗೆ ಒಂದು ಸಣ್ಣ ಖುಷಿ ತಲೆ ಎತ್ತಿತು.

ಹಳ್ಳದ ಇಳಿಜಾರು ಬಂದಾಗ ಆ ಖುಷಿ ನಿಂತಲ್ಲೇ ನಿಂತಿತು.

ಅಲ್ಲಿ ದಾರಿಗೆ ಫರಸಿ ಕಲ್ಲು ಹಾಸಿದ್ದರು. ಮಳೆಯಲ್ಲಿ ತೊಳೆದು ನುಣ್ಣಗಾಗಿತ್ತು. ಕೆಳಗೆ ಅಡ್ಡಗೋಡೆಯಿಲ್ಲದ ಸಣ್ಣ ಒಡ್ಡು, ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಸೈಕಲ್ಲು ಮೂತಿ ಕೆಳಗೆ ಮಾಡಿ ಓಡತೊಡಗಿತು. ಅವಳು ಬ್ರೇಕು ಒತ್ತಿದಳು. ಹಿಡಿಕೆ ಹ್ಯಾಂಡಲಿಗೆ ಹೋಗಿ ತಾಗಿತು. ಚಕ್ರಕ್ಕೆ ಅದರ ಸುದ್ದಿಯೇ ತಲುಪಲಿಲ್ಲ. ಮತ್ತೆ ಒತ್ತಿದಳು. ರಬ್ಬರು ಒದ್ದೆ ಉಕ್ಕಿನ ಮೇಲೆ ಎಣ್ಣೆ ಸವರಿದಂತೆ ಜಾರಿತು.

ಹಾರಿಬಿಡಬೇಕು ಅನ್ನಿಸಿತು. ಹಾರಿದರೆ ಕಲ್ಲಿನ ಮೇಲೆ ತಾನು, ಚೀಲ ಹಳ್ಳದ ಪಾಲು. ಆ ಚೀಲದಲ್ಲಿ ಊರಿನ ಕಾಗದ ಇದ್ದವು, ಗಂಡನ ಕೆಲಸವೂ ಇತ್ತು. ಅವಳು ಬಲಗಾಲನ್ನು ಎತ್ತಿ, ಚಿಮಟದ ಹಿಂದಿನಿಂದ ಮುಂದಿನ ಟೈರಿಗೆ ಬರಿಯ ಅಂಗಾಲು ಒತ್ತಿದಳು. ಮಡಗಾರ್ಡು ಇಲ್ಲದ್ದು ಆಗ ಉಪಕಾರಕ್ಕೆ ಬಂತು. ಟೈರಿನ ಉದ್ದಗೆರೆಗಳು ಅರದ ಹಾಗೆ ಅಂಗಾಲನ್ನು ಉಜ್ಜಿದವು. ಕಣ್ಣಿಗೆ ಕತ್ತಲೆ ಬಂತು. ಕಾಲು ತೆಗೆಯಲಿಲ್ಲ. ಓಟ ಅರ್ಧವಾಯಿತು, ಕಾಲುಭಾಗವಾಯಿತು. ಒಡ್ಡಿನ ಅಂಚಿನಲ್ಲಿ ಮುಂದಿನ ಚಕ್ರ ನೀರಿಗೆ ಇಳಿದು, ತೊಟ್ಟಿಲಿನಂತೆ ತೂಗಿ, ನೆಟ್ಟಗಾಯಿತು. ಶಿವಕಾಂತಾ ಉಸಿರು ಬಿಟ್ಟಿದ್ದು ಆಚೆಯ ಏರಿನಲ್ಲಿ.

ಡಾಂಬರು ರಸ್ತೆಗೆ ಏರುವುದಕ್ಕೂ ಸಿಂದಗಿಯ ಕಡೆಯಿಂದ ಬಸ್ಸು ಬರುವುದಕ್ಕೂ ಸರಿಹೋಯಿತು. ಮಳೆಗೆ ಪಕ್ಕದ ಪರದೆಗಳನ್ನೆಲ್ಲ ಇಳಿಬಿಟ್ಟಿದ್ದರು. ಕೈ ಬೀಸಿದರೆ ಯಾರು ನೋಡಬೇಕು? ಅವಳ ಮೈಮೇಲೆ ನೀರು ಎರಚಿ ಬಸ್ಸು ನೆಲೋಗಿಯ ದಿಕ್ಕಿಗೆ ಹೋಯಿತು.

ನೆಲೋಗಿಯಲ್ಲಿ ಜನ ಹತ್ತಿ ಇಳಿಯುವಷ್ಟು ಹೊತ್ತು ಅದು ನಿಲ್ಲುತ್ತದೆ. ಅಷ್ಟೇ ಅವಳಿಗಿದ್ದ ಅವಕಾಶ. ತುಳಿದಳು. ಚಕ್ರದ ಮಣ್ಣು ಚಕ್ಕೆಚಕ್ಕೆಯಾಗಿ ಹಾರಿ ಬೆನ್ನಿಗೆ ಬಡಿಯಿತು. ಮಣ್ಣು ಬಿಟ್ಟ ಟೈರು ಡಾಂಬರಿನ ಮೇಲೆ ಸರ್ರೆಂದು ಹರಿಯಿತು. ಗುಬಟಿನ ಟೈರಿನಲ್ಲಿ ಇದೇ ರಸ್ತೆ ಕಾಲಿಗೆ ಜೋತುಬೀಳುತ್ತಿತ್ತು. ಈಗ ರಸ್ತೆ ತಾನೇ ಹಿಂದಕ್ಕೆ ಓಡಿದಂತಿತ್ತು. ಅಂಗಾಲು ಪೆಡಲಿಗೆ ತಾಗಿದಾಗಲೊಮ್ಮೆ ಉರಿ ನೆತ್ತಿಗೇರುತ್ತಿತ್ತು. ಊರ ಮುಂದಿನ ಬೇವಿನ ಮರಗಳು ಕಂಡವು, ಚಹಾದಂಗಡಿ ಕಂಡಿತು, ಬಸ್ಸು ಕಂಡಿತು. ಕಂಡಕ್ಟರ್ ದಾವಲಸಾಬ ಮೆಟ್ಟಿಲ ಮೇಲೆ ನಿಂತು "ರೈಟ್" ಎಂದದ್ದೂ ಕೇಳಿಸಿತು. ಬಸ್ಸು ಅಲುಗಿತು.

ಶಿವಕಾಂತಾ ಬಸ್ಸಿನ ಪಕ್ಕದಿಂದ ಮುಂದಕ್ಕೆ ಹೋಗಿಬಿಟ್ಟಳು. ನಿಲ್ಲಬೇಕೆಂದರೆ ಬ್ರೇಕಿಲ್ಲ. "ಸರೀರಿ, ಬ್ರೇಕಿಲ್ಲ, ಸರೀರಿ," ಎಂದು ಕೂಗುತ್ತ ಚಹಾದಂಗಡಿಯ ಪಕ್ಕದ ಜೋಳದ ಕಣಿಕೆಯ ಬಣವೆಗೆ ಹೋಗಿ ತಾಗಿದಳು. ಚಹಾ ಕುಡಿಯುತ್ತಿದ್ದವರು ಕಪ್ಪು ಹಿಡಿದುಕೊಂಡೇ ಹಾರಿದರು. ಡ್ರೈವರ್ ಗಕ್ಕನೆ ಬಸ್ಸು ನಿಲ್ಲಿಸಿದ.

ದಾವಲಸಾಬ ಕೊಡೆ ಬಿಚ್ಚಿಕೊಂಡು ಇಳಿದು ಬಂದ. "ಏನ್ ಅಕ್ಕಾ ಇದು. ಬಸ್ಸಿನ ಹಿಂದ ಓಡೋರನ್ನ ದಿನಾ ನೋಡ್ತೇನಿ. ಬಸ್ಸು ದಾಟಿ ಹೋಗೋರನ್ನ ಇವತ್ತಽ ನೋಡಿದೆ."

ಅವಳು ಬಣವೆಯಿಂದ ಏಳದೆಯೇ ಬೆನ್ನ ಮೇಲಿನ ಚೀಲವನ್ನು ಬಿಚ್ಚಿ ಎತ್ತಿ ಹಿಡಿದಳು. "ಒಣಗೇ ಅದ ನೋಡ್ರಿ, ಒಂದು ಹನಿ ತಾಗಿಲ್ಲ. ಮೊದಲ ಸಹಿ ಮಾಡ್ರಿ, ಆಮ್ಯಾಲ ಮಾತು."

ಅವನು ಸಹಿ ಮಾಡಿದ. ಚೀಲ ಬಸ್ಸೇರಿತು. ಬಸ್ಸು ತಿರುವಿನಲ್ಲಿ ಮರೆಯಾಗುವತನಕ ಅವಳು ಅಲ್ಲೇ ಕೂತು ನೋಡಿದಳು.

ಸಂಜೆಗೆ ಮಳೆ ಹೊಳವಾಗಿತ್ತು. ಸೈಕಲ್ಲನ್ನು ದಬ್ಬಿಕೊಂಡು, ಬಲಗಾಲನ್ನು ಹಿಮ್ಮಡಿಯ ಮೇಲಷ್ಟೇ ಊರುತ್ತ ಶಿವಕಾಂತಾ ಮನೆ ಸೇರಿದಳು. ಹೊರಸು ಬಾಗಿಲಿನ ಹತ್ತಿರಕ್ಕೆ ಬಂದಿತ್ತು. ಗಂಡ ಕೂತಲ್ಲಿಂದಲೇ ಗೋಡೆ ಹಿಡಿದು ಜರುಗಿಸಿಕೊಂಡಿದ್ದನೇನೋ.

"ಬಸ್ಸು?" ಎಂದ ದೊಡ್ಡಪ್ಪ. ಅಷ್ಟು ದಿನಗಳ ಮೇಲೆ ಅವಳಿಗೆ ಆಡಿದ ಮೊದಲ ಮಾತು.

"ಸಿಕ್ಕಿತು."

"ಚಕ್ರ ಸಿಕ್ಕೊಳ್ಳಲಿಲ್ಲ?"

"ಇಲ್ಲ."

"ಮುಳ್ಳು?"

"ಟೈರಿನಾಗ ಮುರಕೊಂಡು ಕೂತಾವ. ಗಾಳಿ ಹೋಗಿಲ್ಲ."

ಅವನ ಕಣ್ಣು ಅವಳ ಬಲಗಾಲಿನ ಮೇಲೆ ನಿಂತಿತು. ಆಮೇಲೆ ಕೇಳಿದ, "ಹಳ್ಳದ ಇಳಕಲದಾಗ?"

ಅವಳು ಮೆಟ್ಟಿಲ ಮೇಲೆ ಕೂತು ಕಾಲು ತಿರುವಿ ತೋರಿಸಿದಳು. ಅಂಗಾಲಿನ ತೊಗಲು ಗೆರೆಗೆರೆಯಾಗಿ ಎದ್ದಿತ್ತು. ಒಳಗಿನಿಂದ ಬಂದ ಸುಭದ್ರಾಬಾಯಿ "ಯವ್ವಾ ನನ್ನವ್ವ" ಎಂದು ಅರಿಶಿನ ತರಲು ಓಡಿದಳು.

"ಬ್ರೇಕ್ ಹಿಡೀಲಿಲ್ರಿ. ಕಾಲು ಕೊಟ್ಟೆ," ಎಂದಳು ಶಿವಕಾಂತಾ.

ದೊಡ್ಡಪ್ಪನ ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತು. "ನೆಲಾ ಒದ್ದಿ ಇದ್ದರ ನಾ ಅಲ್ಲಿ ಎಂದೂ ಹತ್ತಿಕೊಂಡು ಇಳದಾಂವಲ್ಲ. ಇಳದು ದಬ್ಬಿಕೊಂಡೇ ಹೋಗ್ತಿದ್ದೆ. ಒದ್ದೀ ರಿಮ್ಮಿಗೆ ರಬ್ಬರು ಹಿಡ್ಯಾಂಗಿಲ್ಲ." ಪ್ಲಾಸ್ಟರಿನ ಕಡೆ ನೋಡುತ್ತ, "ಇವತ್ತ ನೀ ಹೊಂಟಾಗ ನೆನಪಾತು. ಮಾತು ಬಿಟ್ಟಿದ್ದೆನಲ್ಲ, ಅದಕ್ಕಽ ಬಾಯಿ ಬರಲಿಲ್ಲ," ಎಂದ.

ಶಿವಕಾಂತಾಳಿಗೆ ಸಿಟ್ಟು ಬಂದಿತ್ತು. ಅದನ್ನು ಆಡಿ ತೋರಿಸುವಷ್ಟು ತ್ರಾಣ ಉಳಿದಿರಲಿಲ್ಲ. ಅತ್ತೆ ಅರಿಶಿನದೆಣ್ಣೆ ಹಚ್ಚುವಾಗ ಹಲ್ಲು ಕಚ್ಚಿ ಕೂತಳು.

"ಸೈಕಲ್ಲು ಒಳಗ ತಾ," ಎಂದ ದೊಡ್ಡಪ್ಪ. ಆಮೇಲೆ ಅವಳ ಕಾಲು ನೋಡಿ, "ಬ್ಯಾಡ, ನೀ ಕೂಡು. ಯವ್ವಾ, ನೀ ತಾ. ಮೂಲ್ಯಾಗಿನ ನನ್ನ ಚಪ್ಪಲೀನೂ ತಾ."

ಸುಭದ್ರಾಬಾಯಿ ಸೈಕಲ್ಲು ಒಳಗೆ ತಂದು ಎರಡೂ ಚಪ್ಪಲಿ ಕೊಟ್ಟಳು. ದೀಪಾವಳಿಗೆ ಹೊಲಿಸಿದ್ದು, ಅಟ್ಟೆ ಇನ್ನೂ ಗಟ್ಟಿಯಿತ್ತು. ಅವನು ಎಡಗಾಲಿನದನ್ನು ಪಕ್ಕಕ್ಕಿಟ್ಟ. ಬಲಗಾಲಿನದನ್ನು ತೊಡೆಯ ಮೇಲಿಟ್ಟುಕೊಂಡು, ಈಳಿಗೆಯಿಂದ ಅಟ್ಟೆಯ ತುದಿಯನ್ನು ಕೊರೆಯತೊಡಗಿದ.

"ಹೊಸಾವು ಅದಾವಲ್ರಿ," ಎಂದಳು ಶಿವಕಾಂತಾ.

"ಮೊದಲಿನ ಮಾಸ್ತರ ತಮ್ಮ ಸೈಕಲ್ಲಿನ ಬ್ರೇಕಿಗೆ ಚರ್ಮ ಕೂಡಿಸ್ತಿದ್ದರು. ಒದ್ದೀ ಉಕ್ಕಿಗೆ ಚರ್ಮ ಹಿಡದಂಗ ರಬ್ಬರು ಹಿಡ್ಯಾಂಗಿಲ್ಲ." ಅವನು ತಲೆ ಎತ್ತಲಿಲ್ಲ. "ಈ ಕಾಲಿಂದು ಈಗ ಯಾರು ಹಾಕ್ಕೋತಾರ?"

ಚರ್ಮ ಬಿರುಸಾಗಿತ್ತು, ನಿಧಾನವಾಗಿ ಕುಯ್ಯಬೇಕಿತ್ತು. ನಾಲ್ಕು ತುಂಡು ಮಾಡಿ, ಒಂದನ್ನು ಬ್ರೇಕಿನ ರಬ್ಬರಿನ ಪಕ್ಕ ಹಿಡಿದು ಅಳತೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇಳಕಲದಾಗ ನೀ ಮೊದಲ ಯಾವುದು ಹಿಡೀತಿ, ಮುಂದಿಂದೋ ಹಿಂದಿಂದೋ?" ಎಂದು ಕೇಳಿದ.

"ಹಿಂದಿಂದು."

ದೊಡ್ಡಪ್ಪ ಹಿಂದಿನ ಚಕ್ರವನ್ನು ತನ್ನ ಕಡೆ ತಿರುಗಿಸಿಕೊಂಡ.